ಎಷ್ಟು ಕೊಡುತ್ತೆ ಎಂಬ ಪ್ರಶ್ನೆ ಮತ್ತು ನಮ್ಮ ಮನೆಯ ಕಾರು

ಕಾರು ಕೊಳ್ಳುವುದು ಒಂದು ಬೆಳಗಿನ ಕೆಲಸ. ಕೊಳ್ಳಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಮಾತ್ರ ನಮ್ಮಂಥ ಮನೆಗಳಲ್ಲಿ ವರ್ಷಗಟ್ಟಲೆ ನಡೆಯುವ ವ್ರತ. ಆ ವ್ರತ ಮುಗಿಯುವವರೆಗೂ ಮನೆಯಲ್ಲಿ ಏನಾದರೊಂದು ನಗೆಪಾಟಲು ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಆದದ್ದರಲ್ಲಿ ಹೊರಗೆ ಹೇಳಬಹುದಾದ ಕೆಲವನ್ನು ಹೇಳುತ್ತೇನೆ. ಹೇಳಬಾರದ್ದು ಒಂದೆರಡು ನುಸುಳಿದರೆ ನಮ್ಮ ಯಜಮಾನರು ಹೊಟ್ಟೆಗೆ ಹಾಕಿಕೊಳ್ಳಲಿ.

ನಮ್ಮ ಮನೆ ಇರುವುದು ನಂಜನಗೂಡಿನಲ್ಲಿ, ನನ್ನ ನೌಕರಿ ಇರುವುದು ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ಸ್ಕೂಟರು ಯಜಮಾನರ ಜೊತೆ ಫ್ಯಾಕ್ಟರಿಗೆ ಹೋಗುತ್ತದೆ, ನನಗೆ ಬಸ್ಸೇ ಗತಿ. ಆ ಬಸ್ಸು ಸ್ಟ್ಯಾಂಡಿನಲ್ಲೇ ಗಂಟಲುಮಟ್ಟ ತುಂಬಿಕೊಂಡು ನಮ್ಮ ಬಡಾವಣೆಯ ಸ್ಟಾಪಿಗೆ ಬರುತ್ತದೆ. ನಾನು ಬ್ಯಾಗು ಹಿಡಿದು ಓಡುತ್ತಾ ಕೈ ಎತ್ತುತ್ತೇನೆ. ಡ್ರೈವರೂ ಸ್ನೇಹವಾಗಿ ಕೈ ಎತ್ತಿ ಹೊರಟುಹೋಗುತ್ತಾನೆ. ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ನಮ್ಮ ಕಚೇರಿಯ ಸಾಹೇಬರು ಆರಾಮವಾಗಿ ಕೂತಿರುತ್ತಾರೆ. ಮುಂದಿನ ಬಸ್ಸು ಹಿಡಿದು ನಾನು ಆಫೀಸು ಸೇರುವ ಹೊತ್ತಿಗೆ ಅವರು ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿರುತ್ತಾರೆ.

"ಏನಮ್ಮ, ಇವತ್ತೂ ಲೇಟು."

"ಸಾರ್, ನಾನು ಓಡಿ ಬಂದದ್ದನ್ನ ಕಿಟಕಿಯಿಂದ ನೀವೇ ನೋಡಿದ್ರಲ್ಲ. ಒಂದು ಮಾತು ಡ್ರೈವರಿಗೆ ಹೇಳಬಹುದಿತ್ತು."

"ನೋಡ್ದೆ. ಆದ್ರೆ ಬಸ್ಸಿನಲ್ಲಿ ನಾನು ಬರೀ ಪ್ಯಾಸೆಂಜರ್ ಕಣಮ್ಮ. ಅಧಿಕಾರ ಏನಿದ್ರೂ ಆಫೀಸಿಗೆ ಬಂದ ಮೇಲೆ."

ಅವತ್ತು ನನಗೆ ಅಳು ಬರುವಷ್ಟು ಸಿಟ್ಟು ಬಂತು. ಒಂದು ಸಣ್ಣ ಕಾರು ತಗೊಂಡು, ನಾನೇ ಓಡಿಸಿಕೊಂಡು ಹೋಗಿ, ಒಂದು ದಿನವಾದರೂ ಈ ಮನುಷ್ಯನಿಗಿಂತ ಮುಂಚೆ ಆಫೀಸಿನಲ್ಲಿ ಕೂತಿರಬೇಕು ಅಂತ ಶಪಥ ಮಾಡಿಬಿಟ್ಟೆ.

ಮನೆಗೆ ಬಂದು ಶಪಥವನ್ನು ಯಜಮಾನರಿಗೆ ಒಪ್ಪಿಸಿದೆ. ಅವರು ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್. ಅಳೆದು ಸುರಿದು ನೋಡದೆ ಮನೆಗೆ ಒಂದು ಸೌಟನ್ನೂ ತಂದವರಲ್ಲ.

"ಹೆಂಗಸರಿಗೆ ಬಸ್ಸು ಫ್ರೀ. ಫ್ರೀ ಬಸ್ಸಿಗಿಂತ ಜಾಸ್ತಿ ಮೈಲೇಜ್ ಕೊಡೋ ಕಾರು ಯಾವುದಿದೆ ಹೇಳು, ನಾಳೆನೇ ತಗೊಳ್ಳೋಣ" ಅಂದರು.

"ಫ್ರೀ ಬಸ್ಸು ನಿಂತ್ರೆ ತಾನೇ ರೀ."

"ಸರಿ. ಆದ್ರೆ ನಿಜವಾದ ಮೈಲೇಜ್ ಎಷ್ಟು ಅಂತ ಗೊತ್ತಾಗೋವರೆಗೂ ನಾನು ಹೂಂ ಅನ್ನಲ್ಲ" ಅಂದರು. ಅಲ್ಲಿಂದ ಶುರುವಾಯಿತು ನೋಡಿ.

೧. ಬಂಕಿನಲ್ಲಿ ಒಂದು ಭಾನುವಾರ

ಕಂಪನಿಯವರು ಪೇಪರಿನಲ್ಲಿ ಹಾಕಿಸುವ ಮೈಲೇಜನ್ನು ನಮ್ಮ ಯಜಮಾನರು ನಂಬುವುದಿಲ್ಲ. "ಅದು ಹೆಣ್ಣು ನೋಡೋಕೆ ಬಂದ ದಿನದ ಮಾತು. ಸಂಸಾರ ಮಾಡಿದೋರನ್ನ ಕೇಳಬೇಕು" ಅನ್ನುವುದು ಅವರ ವಾದ. ನೆಂಟರಿಷ್ಟರನ್ನೆಲ್ಲ ಕೇಳಿದರು. ಒಬ್ಬೊಬ್ಬರದು ಒಂದೊಂದು ಲೆಕ್ಕ. ಒಂದೇ ಕಾರಿಗೆ ಗಂಡ ಒಂದು ಹೇಳಿದರೆ ಹೆಂಡತಿ ಒಂದು ಹೇಳುತ್ತಿದ್ದಳು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಸೀದಾ ಪೆಟ್ರೋಲ್ ಬಂಕಿಗೇ ಹೋಗಿ ನಿಂತರು. ಸಣ್ಣ ಕಾರು ಬಂದ ತಕ್ಷಣ ಕಿಟಕಿಯ ಹತ್ತಿರ ಬಗ್ಗಿ, "ಎಷ್ಟು ಕೊಡುತ್ತೆ ಸಾರ್?" ಅಂತ ಕೇಳುವುದು. ಭಾನುವಾರವೂ ಫ್ಯಾಕ್ಟರಿಯ ನೀಲಿ ಅಂಗಿ ಹಾಕಿಕೊಳ್ಳುವುದು ಅವರ ಅಭ್ಯಾಸ, ಕೊಳೆ ಕಾಣುವುದಿಲ್ಲ ಅಂತ. ಬಂಕಿನ ಹುಡುಗರದೂ ನೀಲಿ ಅಂಗಿಯೇ. ನಾಲ್ಕೈದು ಕಾರು ಆದ ಮೇಲೆ ಒಂದು ಕಾರಿನವರು, ಇವರು ಬಾಯಿ ತೆರೆಯುವ ಮುಂಚೆಯೇ, "ನಾಲ್ಕು ಚಕ್ರಕ್ಕೂ ಗಾಳಿ ನೋಡಪ್ಪ, ಟೀ ಕುಡ್ಕೊಂಡು ಬತ್ತೀನಿ" ಅಂತ ಹೇಳಿ ಹೋಗಿಯೇಬಿಟ್ಟರು.

ನಾನಾಗಿದ್ದರೆ ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದೆ. ನಮ್ಮ ಯಜಮಾನರು ಚಕ್ರ ಒತ್ತಿ ನೋಡಿದರು, ಗಾಳಿ ಕಮ್ಮಿ ಇತ್ತು. ಗಾಳಿ ಕಮ್ಮಿ ಇದ್ದರೆ ಮೈಲೇಜ್ ಬೀಳುತ್ತದೆ, ಅದನ್ನು ಕಣ್ಣಾರೆ ಕಂಡೂ ಸುಮ್ಮನಿರುವುದು ಅವರ ಕೈಲಾಗದ ಮಾತು. ಕುಕ್ಕರುಗಾಲಿನಲ್ಲಿ ಕೂತು ನಾಲ್ಕಕ್ಕೂ ಗಾಳಿ ಹಿಡಿದರು, ಸ್ಟೆಪ್ನಿಗೂ ಹಿಡಿದರು. ಆ ಪುಣ್ಯಾತ್ಮರು ಬಂದವರೇ ಸಂತೋಷಪಟ್ಟು ಇವರ ಜೇಬಿಗೆ ಒಂದು ನೋಟು ತುರುಕಿ ಹೋದರು.

ಮನೆಗೆ ಬಂದಾಗ ಇವರ ಮುಖ ಅರಳಿಹೋಗಿತ್ತು. ಮೈಲೇಜ್ ಎಷ್ಟಂತೆ ಅಂದೆ.

"ಅದು ಗೊತ್ತಾಗ್ಲಿಲ್ಲ. ಆದ್ರೆ ಪೆಟ್ರೋಲ್ ಬಂಕಿಗೆ ಹೋಗಿ ದುಡ್ಡು ತಂದೋನು ಇಡೀ ನಂಜನಗೂಡಲ್ಲಿ ನಾನೊಬ್ನೇ ಕಣೇ" ಅಂದರು.

೨. ಕೂಸು ಹುಟ್ಟುವ ಮುಂಚೆ

ಮೈಸೂರಿನ ಶೋರೂಮಿಗೆ ನಾನೇ ಫೋನು ಮಾಡಿದೆ. ಟೆಸ್ಟ್ ಡ್ರೈವ್‌ಗೆ ಕಾರನ್ನು ಮನೆ ಬಾಗಿಲಿಗೇ ಕಳಿಸುತ್ತೇವೆ ಅಂದರು. ಒಂದು ಶುಕ್ರವಾರ, ನಾವಿಬ್ಬರೂ ರಜೆ ಹಾಕಿದ್ದೆವು, ಶೋರೂಮಿನ ಹೆಣ್ಣುಮಗಳೊಬ್ಬಳು ಕೆಂಪು ಬಣ್ಣದ ಪುಟ್ಟ ಕಾರು ಓಡಿಸಿಕೊಂಡು ಬಂದಳು. ಅವಳನ್ನು ಒಳಗೆ ಕೂರಿಸಿ ಕಾಫಿಗೆ ಇಟ್ಟೆ. ಯಜಮಾನರು ಅವಳ ಎದುರು ಕೂತು ಪ್ರಶ್ನೆ ಶುರು ಮಾಡಿದರು.

ನಮ್ಮ ಅತ್ತೆ ಬದನವಾಳಿನ ಕಡೆಯವರು. ಕೈ ಸುಮ್ಮನಿಟ್ಟುಕೊಂಡು ಕೂತು ಗೊತ್ತಿಲ್ಲ. ಅವರ ಪ್ರಕಾರ ಹೊಸ ಕಾರು ಮನೆ ಮುಂದೆ ಬಂದು ನಿಂತಿತು ಅಂದರೆ ಅದು ಮನೆಯದೇ. ನೋಡಿ ವಾಪಸ್ಸು ಕಳಿಸುವುದಕ್ಕೂ ಕಾರು ಬರುತ್ತದೆ ಅಂತ ಅವರಿಗೆ ಯಾರು ಹೇಳಬೇಕಿತ್ತು? ನಾನೇ ಹೇಳಬೇಕಿತ್ತು, ಮರೆತಿದ್ದೆ.

ಕಾಫಿ ಮುಗಿಸಿ ಹೊರಗೆ ಬಂದು ನೋಡುತ್ತೇವೆ, ಬಾನೆಟ್ಟಿಗೆ ವಿಭೂತಿ ಪಟ್ಟೆ, ಅದರ ಮೇಲೆ ಅರಿಸಿನ ಕುಂಕುಮ, ಗಾಜಿನ ಮೇಲೆ ಗಂಧ. ಮುಂದುಗಡೆಗೆ ಸೇವಂತಿಗೆ ಹಾರ. ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು. ಬೀದಿಯ ಹೆಂಗಸರೆಲ್ಲ ಸೇರಿದ್ದಾರೆ. ಅತ್ತೆ ಬೂದುಗುಂಬಳಕಾಯಿ ಇಳಿ ತೆಗೆದು ರಸ್ತೆಗೆ ಅಪ್ಪಳಿಸುವುದಕ್ಕೂ ಆ ಹುಡುಗಿ "ಅಯ್ಯೋ ಅಜ್ಜಿ" ಅನ್ನುವುದಕ್ಕೂ ಸರಿಹೋಯಿತು.

"ಯಾಕ್ ಮಗ ಎದರ್ಕತ್ತೀಯ, ದೃಷ್ಟಿ ತಗುದ್ರೆ ಒಳ್ಳೇದೇ ಆಯ್ತದೆ. ಬಾ, ಒಂದ್ ಚೂರು ಸಕ್ರೆ ಬಾಯಿಗ್ ಹಾಕು" ಅಂದರು ಅತ್ತೆ.

ಪೂಜೆ ಆದ ಕಾರನ್ನು ಹತ್ತಿ ನಿಂಬೆಹಣ್ಣು ತುಳಿಸಿ ನಾವು ಒಂದು ಸುತ್ತು ಹೋಗಿ ಬಂದೆವು. ಮಧ್ಯಾಹ್ನ ಆ ಹುಡುಗಿ ಹಾರ, ವಿಭೂತಿ ಸಮೇತ ಕಾರನ್ನು ವಾಪಸ್ಸು ತಗೊಂಡು ಹೋದಳು. ಸಂಜೆಯ ಹೊತ್ತಿಗೆ ಎದುರುಮನೆಯಾಕೆ ಬಂದು, ದನಿ ತಗ್ಗಿಸಿ, "ಯಾಕಕ್ಕ, ಕಂತು ಕಟ್ಲಿಲ್ವ? ಬೆಳಿಗ್ಗೆ ತಂದು ಮಧ್ಯಾಹ್ನಕ್ಕೆ ಎತ್ಕೊಂಡೋದ್ರಲ್ಲ" ಅಂತ ಕೇಳಿದಳು. ಸುದ್ದಿ ನನಗಿಂತ ಮುಂಚೆ ಆಫೀಸು ಮುಟ್ಟಿತ್ತು. ಮಾರನೆಯ ದಿನ ಸಾಹೇಬರು, "ಪಾಪ, ಕಾರು ಸೀಜ್ ಆಯ್ತಂತೆ? ಹೋಗ್ಲಿ ಬಿಡಮ್ಮ, ಬಸ್ಸಿದೆಯಲ್ಲ" ಅಂತ ಸಮಾಧಾನ ಹೇಳಿದರು. ಆ ಸಮಾಧಾನ ಕೇಳಿ ಮೈಯೆಲ್ಲ ಉರಿಯಿತು. ಇನ್ನು ಮೇಲೆ ಕಾರು ತಗೊಳ್ಳದೇ ಇದ್ದರೆ ಈ ಊರಲ್ಲೂ ಆ ಊರಲ್ಲೂ ತಲೆ ಎತ್ತುವ ಹಾಗಿರಲಿಲ್ಲ.

ವಾರ ಕಳೆದ ಮೇಲೆ ಶೋರೂಮಿನ ಹುಡುಗಿ ಫೋನು ಮಾಡಿದಳು. ಬೈಸಿಕೊಳ್ಳುವುದಕ್ಕೆ ತಯಾರಾಗಿಯೇ ಎತ್ತಿದೆ.

"ಮೇಡಂ, ಆ ಕಾರು ಟೆಸ್ಟ್ ಡ್ರೈವ್ ಮಾಡಿದೋರೆಲ್ಲ ಬುಕ್ ಮಾಡ್ತಿದ್ದಾರೆ. ಇನ್ನೊಂದು ಮಾಡೆಲ್ ಇದೆ, ಯಾರೂ ತಿರುಗಿ ನೋಡ್ತಿಲ್ಲ. ಶುಕ್ರವಾರ ಅಜ್ಜಿ ಫ್ರೀ ಇರ್ತಾರಾ?"

೩. ಸೋಮನಾಥಪುರದ ಪರೀಕ್ಷೆ

ಒಂದು ಸುತ್ತಿನಲ್ಲಿ ಮೈಲೇಜ್ ಗೊತ್ತಾಗುವುದಿಲ್ಲ ಅಂತ ಯಜಮಾನರು ಮತ್ತೆ ಮೀನಮೇಷ ಎಣಿಸತೊಡಗಿದರು. ಅವರ ಸ್ನೇಹಿತರೊಬ್ಬರ ಹತ್ತಿರ ಆ ಕೆಂಪು ಕಾರಿನ ಮಾಡೆಲ್ಲಿನದೇ ಒಂದು ಹಳೆಯ ಕಾರಿತ್ತು. ಅದನ್ನು ಒಂದು ದಿನಕ್ಕೆ ಕೇಳಿ ತಂದರು. ಟ್ಯಾಂಕನ್ನು ಕಂಠಪೂರ್ತಿ ತುಂಬಿಸುವುದು, ಸೋಮನಾಥಪುರಕ್ಕೆ ಹೋಗಿ ಬರುವುದು, ಮತ್ತೆ ಕಂಠಪೂರ್ತಿ ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟು ಖರ್ಚು. ದೇವಸ್ಥಾನ ನೋಡುವ ಆಸೆಯಿಂದ ನಾನೂ ಅತ್ತೆಯೂ ಹೊರಟೆವು.

ಒಳ್ಳೆಯ ಬೇಸಿಗೆ. ಏಸಿ ಹಾಕಿದರೆ ಪೆಟ್ರೋಲ್ ಕುಡಿಯುತ್ತದೆ, ಬೇಡ ಅಂದರು. ಗಾಜು ಇಳಿಸೋಣ ಅಂದರೆ, ಒಳಗೆ ಗಾಳಿ ನುಗ್ಗಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ, ಅದೂ ಬೇಡ ಅಂದರು. ನಾವು ಬೆವರಿನಲ್ಲಿ ತೊಯ್ದುಹೋದೆವು. ಒಂದು ಏರು ಬಂದಾಗ ನಿಲ್ಲಿಸಿ, "ಇಬ್ರೂ ಇಳಿದು ಮೇಲಕ್ಕೆ ನಡ್ಕೊಂಡು ಬನ್ನಿ, ತೂಕ ಕಮ್ಮಿಯಾಗುತ್ತೆ" ಅಂದರು. ಅತ್ತೆ ಮಗನನ್ನು ಒಂದು ಸಲ ನೋಡಿ, ಸೆರಗು ಬಿಗಿದುಕೊಂಡು ನಡೆದರು. ಇಳಿಜಾರು ಬಂದಾಗಲೆಲ್ಲ ಎಂಜಿನ್ ಆಫ್, ಕೆಳಗೆ ಬಂದ ಮೇಲೆ ಮತ್ತೆ ಆನ್.

ಹೋಗುವುದೇನೋ ಹೋದೆವು, ದೇವಸ್ಥಾನದ ಕಲ್ಲಿನ ನೆರಳಿನಲ್ಲಿ ಸ್ವಲ್ಪ ಜೀವ ಬಂತು. ಬರುವಾಗ ತಿ. ನರಸೀಪುರ ದಾಟಿದ ಮೇಲೆ, ಆಫ್ ಆದ ಎಂಜಿನ್ನು ಆನ್ ಆಗಲಿಲ್ಲ. ಆರಿಸಿ ಹಚ್ಚಿ, ಆರಿಸಿ ಹಚ್ಚಿ ಆ ಹಳೆಯ ಬ್ಯಾಟರಿ ಕೈಯೆತ್ತಿಬಿಟ್ಟಿತ್ತು. ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ಕರುಣೆ ತೋರಿಸಿ ಹಗ್ಗ ಕಟ್ಟಿ ಎಳೆದ. ನಂಜನಗೂಡಿನ ಬಂಕಿನ ತನಕ ಎಳೆದುಕೊಂಡೇ ಬಂದ, ದುಡ್ಡು ಕೊಡಹೋದರೆ "ಬ್ಯಾಡಿ ಸಾ" ಅಂದ.

ಬಂಕಿನಲ್ಲಿ ಟ್ಯಾಂಕು ತುಂಬಿಸಿದರೆ ಪೆಟ್ರೋಲು ಹಿಡಿದದ್ದು ಬಹಳ ಕಮ್ಮಿ. ಯಜಮಾನರು ಮೊಬೈಲಿನಲ್ಲಿ ಭಾಗಾಕಾರ ಮಾಡಿ, ಮತ್ತೊಂದು ಸಲ ಮಾಡಿ, ಕಣ್ಣರಳಿಸಿ ನಮಗೆ ತೋರಿಸಿದರು. ಯಾವ ಕಂಪನಿಯವನಾದರೂ ಬಾಯಿಬಿಟ್ಟು ಹೇಳಲು ನಾಚಿಕೊಳ್ಳುವಂಥ ಸಂಖ್ಯೆ.

"ಮುಗೀತು. ತಗೊಳ್ಳೋಣ" ಅಂದರು.

ಇಷ್ಟು ದಿನ ಕಾದ ಹೂಂ ಅದು. ಸುಮ್ಮನಿರಿ ಅಂತ ಅತ್ತೆಯ ಮೊಣಕೈ ಹಿಡಿದು ಒತ್ತಿದೆ. ಅವರು ಕೇಳಬೇಕಲ್ಲ.

"ಲೋ, ಟ್ಯಾಕ್ಟ್ರು ಎಳ್ದಿದ್ದೂ ಸೇರ್ಸ್ಕಂಡ್ಯಾ?"

"ಯಾರಾದ್ರೂ ಎಳೀಲಿ ಅಮ್ಮ, ಸುತ್ತಿದ್ದು ನಮ್ಮ ಚಕ್ರ ತಾನೇ?"

"ಅಂಗಿದ್ಮೇಲೆ ಕಾರ್ ಯಾಕ್ಲಾ, ಒಂದು ಹಗ್ಗ ತಗ ಸಾಕು."

ನಾನು ಮಾತ್ರ ಆ ಭಾಗಾಕಾರವನ್ನು ಇವತ್ತಿಗೂ ಪ್ರಶ್ನೆ ಮಾಡಿಲ್ಲ.

೪. ಟವೆಲ್ಲಿನ ಕೆಳಗೆ

ಕಾರು ಅಂತ ನಿರ್ಧಾರವಾದ ಮೇಲೆ ಚೌಕಾಸಿ ಮಾಡಲು ಗಟ್ಟಿ ಆಳು ಬೇಕಿತ್ತು. ನನ್ನ ಸೋದರಮಾವ ಹೆಮ್ಮಿಗೆಯವರು. ಬೇಸಾಯದ ಜೊತೆಗೆ ಜೀವಮಾನವೆಲ್ಲ ದನದ ದಳ್ಳಾಳಿ ಮಾಡಿದವರು. ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು ಮೈಸೂರಿನ ಶೋರೂಮಿಗೆ ನಮ್ಮ ಜೊತೆ ಬಂದರು.

ಮೊದಲು ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದರು. ಬಾನೆಟ್ಟಿನ ಮೇಲೆ ಅಂಗೈಯಿಂದ ತಟ್ಟಿದರು. ಹಿಂದಕ್ಕೆ ಹೋಗಿ ಕೂತು ಎರಡು ಚಕ್ರದ ನಡುವೆ ನೋಡಿದರು. ಎದ್ದು ನಿಂತು, "ಸುಳಿ ಚೆನ್ನಾಗದೆ, ತಗಬೋದು" ಅಂದರು. ದನಕ್ಕಾದರೆ ಮೈಮೇಲಿನ ಕೂದಲ ಸುಳಿ ನೋಡುತ್ತಾರೆ, ಕಾರಿನಲ್ಲಿ ಯಾವ ಸುಳಿ ಕಂಡರೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಶೋರೂಮಿನ ಹುಡುಗಿ ರೇಟು ಹೇಳಲು ಬಾಯಿ ತೆರೆದಳು. ಮಾವ ಕೈ ಅಡ್ಡ ಹಿಡಿದರು.

"ಬಾಯಲ್ ಯೋಳ್ಬ್ಯಾಡ ಕಣವ್ವ. ಬಾಯಲ್ ಯೋಳ್ಬುಟ್ರೆ ಅದು ಯಾಪಾರ ಅಲ್ಲ, ಜಗಳ. ನಿಮ್ ದೊಡ್ಡೋರ್ನ ಕರಿ."

ಟೈ ಕಟ್ಟಿದ ಮ್ಯಾನೇಜರು ಬಂದು, "ಹೇಳಿ ಸಾರ್, ಏನು ಎಕ್ಸ್‌ಪೆಕ್ಟ್ ಮಾಡ್ತಿದ್ದೀರ?" ಅಂದರು. ಮಾವ ಹೆಗಲ ಟವೆಲ್ಲು ತೆಗೆದು ಬಲಗೈ ಮೇಲೆ ಹೊದಿಸಿ ಮುಂದಕ್ಕೆ ಚಾಚಿದರು. ದನದ ವ್ಯಾಪಾರ ನಡೆಯುವುದೇ ಹಾಗೆ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಯಜಮಾನರು ನಾಚಿಕೆಯಿಂದ ಗಾಜಿನ ಬಾಗಿಲ ಕಡೆ ತಿರುಗಿಕೊಂಡರು. ನನಗೂ ನೆಲ ಬಿರಿದು ಒಳಗೆ ಹೋಗಿಬಿಡೋಣ ಅನ್ನಿಸಿತು.

ಮ್ಯಾನೇಜರು ಆ ಟವೆಲ್ಲನ್ನೇ ನೋಡುತ್ತಾ ನಿಂತರು. ಆಮೇಲೆ ಟೈ ಸ್ವಲ್ಪ ಸಡಿಲ ಮಾಡಿಕೊಂಡು, ಅಂಗಿಯ ತೋಳು ಮೇಲೆ ಮಾಡಿ, ಕೈಯನ್ನು ಸೀದಾ ಟವೆಲ್ಲಿನ ಕೆಳಕ್ಕೆ ತೂರಿಸಿದರು. "ನಮ್ಮಪ್ಪಂದೂ ಇದೇ ಕಸುಬು ಸಾ" ಅಂದರು.

ಅಲ್ಲಿಗೆ ಶೋರೂಮಿನ ಕೆಲಸವೆಲ್ಲ ನಿಂತಿತು. ಮಾವ ಒಂದು ಬೆರಳು ಒತ್ತಿದರೆ ಮ್ಯಾನೇಜರು ತಲೆ ಅಲ್ಲಾಡಿಸುವುದು, ಮ್ಯಾನೇಜರು ಒತ್ತಿದರೆ ಮಾವ ಛಾವಣಿ ನೋಡುವುದು. ಒಮ್ಮೆ ಮಾವ ಕೈ ಎಳೆದುಕೊಂಡು ಬಾಗಿಲ ತನಕ ಹೋದರು. ಮ್ಯಾನೇಜರು ಹಿಂದೆಯೇ ಹೋಗಿ ಕೈ ಹಿಡಿದು ಕರೆತಂದರು. ಕೊನೆಗೆ ಮಾವ ಬೆರಳನ್ನು ಜೋರಾಗಿ ಒಂದು ಸಲ ಹಿಸುಕಿದರು, ಮ್ಯಾನೇಜರ ಮುಖ ಸಣ್ಣದಾಯಿತು, ವ್ಯಾಪಾರ ಕುದುರಿತು. ನಾವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಮ್ಮಿಗೆ, ಮೇಲೆ ಸೀಟ್ ಕವರು ಬೇರೆ. ನನಗೆ ಮಾವನ ಕಾಲಿಗೆ ಬೀಳಬೇಕು ಅನ್ನಿಸಿತು.

ಹುಡುಗಿ ಕಂಪ್ಯೂಟರಿನ ಮುಂದೆ ಕೂತು, "ಸಾರ್, ಇಷ್ಟೊಂದು ಡಿಸ್ಕೌಂಟಿಗೆ ಯಾವ ಸ್ಕೀಮ್ ಅಂತ ಎಂಟ್ರಿ ಮಾಡ್ಲಿ?" ಅಂತ ಕೇಳಿದಳು.

ಮ್ಯಾನೇಜರು ಬೆರಳು ನೀವಿಕೊಳ್ಳುತ್ತಾ, "ಟವೆಲ್ ಸ್ಕೀಮ್ ಅಂತ ಹಾಕಮ್ಮ" ಅಂದರು.

೫. ನಲವತ್ತು ದಾಟಬಾರದು

ಇಷ್ಟರ ನಡುವೆ ನಾನು ಬೆಳಗಿನ ಹೊತ್ತು ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ನಮ್ಮ ಮೇಷ್ಟ್ರು ಹೇಳಿಕೊಟ್ಟದ್ದು ಒಂದೇ ಮಂತ್ರ: "ಹಿಂದೆ ಬರೋನು ಅವನ ಕಷ್ಟ ಅವನು ನೋಡ್ಕತಾನೆ, ನೀವು ಮುಂದೆ ನೋಡಿ ಮೇಡಂ." ಆಫೀಸಿಗೆ ಕಾರಿನಲ್ಲಿ ಹೊರಟ ಮೊದಲ ದಿನ ಯಜಮಾನರು ಕಿಟಕಿಯಲ್ಲಿ ತಲೆಯಿಟ್ಟು ಇನ್ನೊಂದು ಮಂತ್ರ ಸೇರಿಸಿದರು. "ನಲವತ್ತು ದಾಟಬೇಡ. ನಲವತ್ತು ದಾಟಿದ್ರೆ ಮೈಲೇಜ್ ಬಿದ್ದೋಗುತ್ತೆ."

ದೇವರನ್ನು ನೆನೆದು ಹೊರಟೆ. ಊರು ದಾಟಿ ಗದ್ದೆ ಬಯಲು ಕಂಡಾಗ ಒಳಗೆಲ್ಲ ಹಿಗ್ಗು ತುಂಬಿಕೊಂಡಿತು. ನನ್ನ ಸಂಬಳದ ಕಾರು, ನನ್ನ ಕೈಯಲ್ಲಿ. ಮುಳ್ಳು ನಲವತ್ತರ ಮೇಲೆ. ರಸ್ತೆಯ ಅಂಚಿನಲ್ಲಿ ಗುಂಡಿಗಳಿದ್ದವು, ಹೊಸ ಕಾರಿಗೆ ಯಾಕೆ ಕಷ್ಟ ಅಂತ ನಟ್ಟನಡುವೆಯೇ ಹೊರಟೆ. ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದರು. ಹೊಡೆದೇ ಹೊಡೆದರು. ಮೇಷ್ಟ್ರ ಮಾತಿನಂತೆ ನಾನು ಮುಂದೆಯೇ ನೋಡಿದೆ.

ತಿ. ನರಸೀಪುರಕ್ಕೆ ಬಂದು, ಆಫೀಸಿನ ಹತ್ತಿರ ಒಂದು ಪಕ್ಕಕ್ಕೆ ನಿಲ್ಲಿಸಿ ಕೆಳಗಿಳಿದೆ. ನನ್ನ ಹಿಂದೆ ಬಸ್ಸು ನಿಂತಿತ್ತು. ಬಸ್ಸಿನ ಹಿಂದೆ ಎರಡು ಲಾರಿ, ಒಂದು ಹಾಲಿನ ವ್ಯಾನು, ಅದರ ಹಿಂದೆ ಯಾರ್ಯಾರೋ. ಡ್ರೈವರು ಬೈಯಲು ಬಾಯಿ ತೆರೆದುಕೊಂಡೇ ಕೆಳಗಿಳಿದವನು ನನ್ನ ಮುಖ ನೋಡಿ ನಿಂತುಬಿಟ್ಟ.

"ನೀವಾ ಮೇಡಂ?" ಅಂದ. ಉಸಿರು ಬಿಟ್ಟು, "ದಿನಾ ನಿಮ್ಗೆ ಒಂದು ನಿಮಿಷ ನಿಲ್ಸಿದ್ರೆ ಆಯ್ತಿತ್ತು. ಇವತ್ತು ಊರಿಂದ ಊರಿಗೆ ನಿಮ್ಮಿಂದೆ ತೆವಳ್ಕಂಡ್ ಬರೋದು ತಪ್ತಿತ್ತು" ಅಂದ.

ನಾನು ಸ್ನೇಹವಾಗಿ ಕೈ ಎತ್ತಿ ಒಳಗೆ ಹೋದೆ. ಹಾಜರಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ, ಕುರ್ಚಿಯಲ್ಲಿ ಕೂತು, ಫ್ಯಾನು ಹಾಕಿಕೊಂಡೆ. ಸಾಹೇಬರು ಆ ಜನಜಂಗುಳಿಯಲ್ಲಿ ಬಸ್ಸಿನಿಂದ ಇಳಿದು, ಬೆವರು ಒರೆಸಿಕೊಳ್ಳುತ್ತಾ ಬಂದು ಹೆಬ್ಬೆಟ್ಟು ಒತ್ತುವ ಹೊತ್ತಿಗೆ ತಡವಾಗಿಹೋಗಿತ್ತು. ನಾನು ಗೋಡೆಯ ಗಡಿಯಾರವನ್ನು ಸುಮ್ಮನೆ ಒಂದು ಸಲ ನೋಡಿದೆ, ಅಷ್ಟೇ. ಅಷ್ಟು ಸಂತೋಷ ನನಗೆ ಪ್ರಮೋಷನ್ ಬಂದ ದಿನವೂ ಆಗಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಸಾಹೇಬರು ನನ್ನ ಮೇಜಿನ ಹತ್ತಿರ ಬಂದರು.

"ಕಾರು ಚೆನ್ನಾಗಿದೆಯಮ್ಮ. ಎಷ್ಟು ಕೊಡುತ್ತೆ?"

ಸೋಮನಾಥಪುರದ ಸಂಖ್ಯೆಯನ್ನೇ ಹೇಳಿದೆ. ಅವರು ಬೆರಗಾದರು.

"ಸಾಯಂಕಾಲ ಹೋಗೋವಾಗ ಒಂದು ಸೀಟು ಖಾಲಿ ಇರುತ್ತಾ? ಹೇಗೂ ಒಂದೇ ಊರು."

"ಇರುತ್ತೆ ಸಾರ್. ಆದ್ರೆ ಆಫೀಸು ಬಿಟ್ಟ ತಕ್ಷಣ ಹೊರಟುಬಿಡುತ್ತೆ."

ಸಂಜೆ ಆಫೀಸು ಬಿಟ್ಟ ತಕ್ಷಣ ನಾನು ಹೋಗಿ ಕಾರು ಸ್ಟಾರ್ಟ್ ಮಾಡಿ ಕೂತೆ. ಬೆಳಿಗ್ಗೆಯಿಂದ ನೋಡದ ಕನ್ನಡಿಯನ್ನು ಆಗ ನೋಡಿದೆ. ಸಾಹೇಬರು ಬ್ಯಾಗನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ಕೈ ಮೇಲೆತ್ತಿ, ಓಡಿ ಬರುತ್ತಿದ್ದರು. ಪಾಪ ಅನ್ನಿಸಿತು. ಬಿಟ್ಟು ಹೋಗುವಷ್ಟು ಕೆಟ್ಟವಳು ನಾನಲ್ಲ. ಇಪ್ಪತ್ತು ಮಾರು ಮುಂದಕ್ಕೆ ಬಿಟ್ಟು, ಆಮೇಲೆ ನಿಲ್ಲಿಸಿದೆ.